ಹಳದಿ ಅಂಗಿಯೊಳಗೆ ಯಾರಿದ್ದರು

ನನ್ನ ನೆನಪನ್ನು ನಾನು ನಂಬುವುದಿಲ್ಲ. ಹೀಗೆಂದು ಊರಿನಲ್ಲಿ ಹೇಳಿದರೆ ವಿನಯವೆಂದು ತಿಳಿಯುತ್ತಾರೆ. ಮನೆಯಲ್ಲಿ ಹೇಳಿದರೆ ತಡವಾಗಿಯಾದರೂ ಒಪ್ಪಿಕೊಂಡರಲ್ಲ ಎನ್ನುತ್ತಾರೆ. ಧಾರವಾಡದಲ್ಲಿ ಇತಿಹಾಸದ ಎಂ.ಎ. ಓದಿ ನಾನು ಕಲಿತದ್ದು ಒಂದೇ: ಯಾವ ಸಾಕ್ಷಿಯನ್ನೂ ಸುಮ್ಮನೆ ನಂಬಬಾರದು. ಅವನು ಎಲ್ಲಿ ನಿಂತಿದ್ದ, ತಾನೇ ಕಂಡನೋ ಯಾರೋ ಹೇಳಿದ್ದನ್ನು ಕೇಳಿದನೋ ಎಂದು ವಿಚಾರಿಸಬೇಕು. ಶಾಸನ ಬರೆಸಿದ ರಾಜರನ್ನೂ ಬಿಡದೆ ಅನುಮಾನಿಸಿದವನು ನಾನು. ಅಂಥವನು ಮೊನ್ನೆ ಒಂದು ಶುಕ್ರವಾರ ಸಂಜೆ, ಬೈಲಹೊಂಗಲದ ಚಹಾದಂಗಡಿಯ ಕಟ್ಟೆಯ ಮೇಲೆ ಕುಳಿತು, ಒಬ್ಬ ಮನುಷ್ಯನ ವಿರುದ್ಧ ಖಚಿತವಾಗಿ ಸಾಕ್ಷಿ ನುಡಿದುಬಿಟ್ಟೆ.

ನಮ್ಮೂರಲ್ಲೊಂದು ಫುಟ್‌ಬಾಲ್ ತಂಡವಿದೆ. ಕುಸ್ತಿ, ಕಬಡ್ಡಿ ಎಂದು ಸುಖವಾಗಿರಬಹುದಾಗಿದ್ದ ನಾವು ಇದನ್ನು ಏಕೆ ಹಚ್ಚಿಕೊಂಡೆವೋ ಗೊತ್ತಿಲ್ಲ. ಗೆಲುವಿನ ಆಸೆಯಿಂದಂತೂ ಅಲ್ಲ. ಯಾವ ಮೈದಾನಕ್ಕೆ ಹೋದರೂ ನಾವು ಅಭಿಮಾನಿಗಳು ನಮ್ಮದೇ ಗೋಲಿನ ಹಿಂದೆ ಕೂಡುತ್ತೇವೆ, ಏಕೆಂದರೆ ಚೆಂಡು ಹೆಚ್ಚು ಹೊತ್ತು ಇರುವುದು ಅಲ್ಲೇ. ಅರ್ಧ ಆಟ ಮುಗಿದು ತಂಡಗಳು ಕಡೆ ಬದಲಿಸಿದರೆ ನಾವೂ ಹಾಸಿಕೊಂಡ ಪೇಪರು ಎತ್ತಿಕೊಂಡು ಆ ಕಡೆ ನಡೆಯುತ್ತೇವೆ.

ತಂಡಕ್ಕೆ ಕೀಪರುಗಳು ಇಬ್ಬರು, ಕೀಪರಿನ ಹಳದಿ ಅಂಗಿ ಒಂದೇ. ಹಿಂದಿನ ಪಂದ್ಯದಲ್ಲಿ ತೊಟ್ಟವನು ಅದನ್ನು ಒಗೆದು, ಮಡಚಿ, ಶುಕ್ರವಾರ ಕಟ್ಟೆಗೆ ತಂದಿಡಬೇಕು. ಉಳಿದ ಹತ್ತು ಮಂದಿಯನ್ನು ಕ್ಯಾಪ್ಟನ್ ಆರಿಸುತ್ತಾನೆ. ಅಂಗಿ ಯಾರಿಗೆ ಎಂಬುದನ್ನು ಮಾತ್ರ ಕಟ್ಟೆ ತೀರ್ಮಾನಿಸುತ್ತದೆ. ಒಮ್ಮೆ ಕ್ಯಾಪ್ಟನ್ನೇ ತೀರ್ಮಾನಿಸಿದ್ದಕ್ಕೆ ಅರ್ಧ ಊರು ಅವನ ಜೊತೆ ಮಾತು ಬಿಟ್ಟಿತ್ತು.

ಇಬ್ಬರಲ್ಲಿ ಹಿರಿಯ ಬಸು, ಬಟ್ಟೆ ಅಂಗಡಿಯಲ್ಲಿ ಕೆಲಸ. ಮೊಣಕಾಲು ನೋವಿನಿಂದ ಈ ವರ್ಷ ಮುಗಿದರೆ ಆಟವನ್ನೇ ಬಿಡುತ್ತೇನೆ ಎಂದಿದ್ದ. ಭಾನುವಾರ ಕಿತ್ತೂರಿನಲ್ಲಿ ಸವದತ್ತಿಯವರ ಮೇಲೆ ಆಡುವುದು ವರ್ಷದ ಕೊನೆಯ ಪಂದ್ಯ, ಹಾಗಾಗಿ ಅವನ ಆಯುಷ್ಯದ ಕೊನೆಯ ಪಂದ್ಯ. ಕಿರಿಯ ಮಹಾಂತೇಶ ಪಂಪ್‌ಸೆಟ್ಟಿನ ಮೋಟಾರು ರಿಪೇರಿಯವನು. ಆ ಶುಕ್ರವಾರ ಸಾಲಹಳ್ಳಿಯ ಯಾವುದೋ ಬಾವಿಯಿಂದ ಮೋಟಾರು ಎತ್ತಲು ಹೋಗಿದ್ದ. ಬಸು ಅಂಗಿಯನ್ನು ಇಸ್ತ್ರಿ ಮಾಡಿಸಿ ತಂದಿದ್ದ. ಅದುವರೆಗೆ ಆ ಅಂಗಿ ಇಸ್ತ್ರಿ ಕಂಡಿರಲಿಲ್ಲ.

"ಬಸೂನ ನಿಲ್ಲಸ್ರಿ," ಎಂದರು ಅಂಚೆ ಕಚೇರಿಯಿಂದ ನಿವೃತ್ತರಾದ ಕುಲಕರ್ಣಿ ಕಾಕಾ. "ಕಿತ್ತೂರಾಗ ಗಾಳಿ ಭಾಳ. ಅನುಭವ ಬೇಕು."

"ಅವ ಏನ್ ರಾಶಿ ತೂರಾಕ ಹೊಂಟಾನೇನ್ರಿ ಕಾಕಾ, ಗಾಳಿ ನೋಡಾಕ?" ಎಂದ ಹತ್ತಿ ವ್ಯಾಪಾರಿ ಚನ್ನಪ್ಪ. "ಆ ವರ್ಷ ರಾಮದುರ್ಗದ ಮ್ಯಾಚಿನ್ಯಾಗ ಚೆಂಡು ಕಾಲಸಂದ್ಯಾಗ ಬಿಟ್ಟದ್ದು ಮರತ್ರೇನು?"

"ಅದು ಮಹಾಂತೇಶ."

"ಬಸು."

ಬಸುವನ್ನೇ ಕೇಳಿದರು. "ಆ ವರ್ಷ ನಾವಿಬ್ರೂ ಪಾಳಿ ಮ್ಯಾಲೆ ನಿಂತೇವ್ರಿ," ಎಂದ ಅವನು. "ಬಿಟ್ಟದ್ದು ಒಂದೋ ಎರಡೋ? ಯಾವುದಂತ ನೆನಪಿಡ್ಲಿ?"

ಆಗ ಚನ್ನಪ್ಪ ನನ್ನ ಕಡೆ ತಿರುಗಿದ. "ಸರ್ ಹೇಳ್ಲಿ. ಯುನಿವರ್ಸಿಟಿ ಕಲ್ತಾರ. ಯಾರ ಕಡೀನೂ ಇಲ್ಲ."

ಕಣ್ಣು ಮುಚ್ಚಿದೆ. ಎಲ್ಲ ಸ್ಪಷ್ಟವಾಗಿ ಕಂಡಿತು: ಬಾಗಿದ ಹಳದಿ ಬೆನ್ನು, ಸಂಜೆ ಕೋಳಿ ಗೂಡು ಸೇರುವ ಹಾಗೆ ಅವಸರವಿಲ್ಲದೆ ಒಳಗೆ ಬಂದ ಚೆಂಡು. "ಬಸು," ಎಂದೆ.

ಬಸು ನನ್ನನ್ನು ನೋಡಿದ. "ಸರ್ ಕಂಡಾರಂದ್ರ ಮುಗೀತ್ರಿ," ಎಂದು ಅಂಗಿಯನ್ನು ಚನ್ನಪ್ಪನ ಕೈಗಿಟ್ಟು, ಅರ್ಧ ಉಳಿದ ಚಹಾ ಬಿಟ್ಟು ಹೋದ.

ಮನೆಗೆ ಬಂದವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಬೆನ್ನು ಕಂಡಿತ್ತು, ನಿಜ. ಮುಖ? ಗೋಲಿನ ಹಿಂದೆ ಕೂತವನಿಗೆ ಮುಖ ಕಾಣುವುದಾದರೂ ಹೇಗೆ? ಆ ಅಂಗಿಯೊಳಗೆ ಯಾರಿದ್ದರೂ ಅದೇ ಬೆನ್ನು. ಹೆಂಡತಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಅಂದಳು: "ನೀವೆಲ್ಲಿ ರಾಮದುರ್ಗಕ್ಕ ಹೋಗಿದ್ರಿ? ಅವತ್ತು ಸವದತ್ತ್ಯಾಗ ನಮ್ಮಕ್ಕನ ಮಗಳನ್ನ ನೋಡಾಕ ಗಂಡಿನವರು ಬಂದಿದ್ರು. ಸೋತೇವಂತ ಫೋನ್ ಬಂತು. ಬೀಗರ ಮುಂದ ಸತ್ತ ಮಾರಿ ಮಾಡ್ಕೊಂಡು ಕುಂತ್ರಿ. ಹುಡುಗ ಮನಸಿಗೆ ಬರಲಿಲ್ಲೇನೋ ಅಂತ ಅವರು ಗಾಬರಿ ಆದ್ರು."

ಅಂದರೆ ನಾನು ಕಂಡದ್ದು ಬೆನ್ನೂ ಅಲ್ಲ. ಫೋನಿನಲ್ಲಿ ಕೇಳಿದ ನಾಲ್ಕು ಮಾತು. ಅದಕ್ಕೆ ಹಳದಿ ಬಣ್ಣ ಬಳಿದು, ಬಸುವಿನ ಹೆಸರು ಹಚ್ಚಿದವನು ನಾನೇ.

ಶನಿವಾರ ಅಂಗಡಿ ತೆರೆಯುವ ಹೊತ್ತಿಗೆ ಹೋಗಿ ಬಸುವಿಗೆ ತಪ್ಪೊಪ್ಪಿಕೊಂಡೆ. ಅವನು ಟವೆಲ್ಲುಗಳನ್ನು ಮಡಚುತ್ತಲೇ ಕೇಳಿಸಿಕೊಂಡ. "ಇಲ್ರಿ ಸರ, ನೀವು ಹೇಳಿದ್ದು ಖರೇ ಐತಿ. ನೀವು ಅಂದಮ್ಯಾಲೆ ವಿಚಾರ ಮಾಡಿದೆ. ಈಗ ನನಗೂ ನೆನಪಾಗೇತಿ. ಚೆಂಡು ಒದ್ದಿ ಇತ್ತು. ಕಾಲಸಂದ್ಯಾಗ ಹೋಗೂಮುಂದ ಮೊಣಕಾಲಿಗೆ ತಣ್ಣಗ ಹತ್ತಿತ್ತು."

ಒದ್ದೆಯ ಮಾತನ್ನು ನಾನು ಆಡಿರಲಿಲ್ಲ. ಅದನ್ನು ಅವನೇ ಸೇರಿಸಿದ್ದ. ಇತಿಹಾಸದಲ್ಲಿ ಇಂಥ ದುರಂತಗಳನ್ನು ಓದಿದ್ದೆ, ಯಾರೋ ಬರೆದ ತಪ್ಪನ್ನು ಮುಂದಿನವರೆಲ್ಲ ವಿವರ ಸೇರಿಸಿ ಸತ್ಯ ಮಾಡುವುದು. ಅದು ಬದುಕಿರುವ ಮನುಷ್ಯನ ಮೊಣಕಾಲಿನಲ್ಲಿ ನಡೆಯುವುದನ್ನು ಕಂಡಿರಲಿಲ್ಲ. ನನ್ನ ಕಣ್ಣೆದುರೇ ಒಬ್ಬನು ತಾನು ಮಾಡದಿರಬಹುದಾದ ತಪ್ಪಿಗೆ ತಾನೇ ಸಾಕ್ಷಿಯಾಗಿದ್ದ.

ನೇರ ಕಟ್ಟೆಗೆ ಹೋಗಿ, ಬಸು ಅಂದದ್ದನ್ನೂ ತಿಳಿಸಿ, ನನ್ನ ಸಾಕ್ಷಿ ನಂಬಬೇಡಿ ಎಂದೆ. "ತಪ್ಪು ಮಾಡಿದವನೇ ಒಪ್ಪ್ಯಾನ, ನಿಮ್ಮದೇನ್ರಿ ವಕೀಲಕಿ?" ಎಂದ ಚನ್ನಪ್ಪ. ಬಸುವಿನ ಕಡೆಯವರಾದ ಕಾಕಾ ಆದರೂ ಕೈಹಿಡಿದಾರು ಎಂದುಕೊಂಡು, ಅವತ್ತು ನಾನು ರಾಮದುರ್ಗದಲ್ಲಿ ಇರಲೇ ಇಲ್ಲ ಎಂದೆ. ಕಾಕಾ ಮರುಕದಿಂದ ನೋಡಿದರು. "ಏನ್ ಮಾತಾಡ್ತೀರಿ? ನನ್ನ ಬಾಜೂಕ ಕುಂತಿದ್ರಿ. ಇಬ್ರೂ ಕೂಡಿ ಶೇಂಗಾ ತಿಂದೇವಲ್ಲ."

ಅಲ್ಲಿಗೆ ನನ್ನ ವಾದ ಮುಗಿಯಿತು. ಶೇಂಗಾ ಎಂದೊಡನೆ ಅದರ ರುಚಿ ನಾಲಗೆಗೆ ಬಂದುಬಿಟ್ಟಿತು.

ಭಾನುವಾರ ಕಿತ್ತೂರಿನಲ್ಲಿ ಮಹಾಂತೇಶ ಹಳದಿ ಅಂಗಿ ತೊಟ್ಟು ನಿಂತ. ಬಸು ಬರಲಾರನೆಂದುಕೊಂಡಿದ್ದೆ; ಬಂದು, ಗೋಲಿನ ಹಿಂದೆ ನನ್ನ ಪಕ್ಕದಲ್ಲೇ ಪೇಪರು ಹಾಸಿದ. ಸವದತ್ತಿಯವರು ಚೆಂಡು ತಂದಾಗಲೆಲ್ಲ ಅವನ ಎರಡೂ ಅಂಗೈ ತೊಡೆಯಿಂದ ಮೇಲೇಳುತ್ತಿದ್ದವು. ಒಮ್ಮೆ ಎಡಕ್ಕೆ ವಾಲಿ ನನ್ನ ಮೇಲೇ ಬಿದ್ದ. "ತಪ್ಪಾತ್ರಿ ಸರ," ಎಂದು ಎದ್ದು ಕೂತ. ತಂಡಗಳು ಕಡೆ ಬದಲಿಸಿದಾಗ ಎಲ್ಲರೂ ಎದ್ದರು. ಬಸು ನನ್ನ ಹೆಗಲು ಹಿಡಿದು ಎದ್ದು, ಕುಂಟುತ್ತ ಆ ಕಡೆ ನಡೆದ. ಇಷ್ಟು ವರ್ಷ ಅವನನ್ನು ನೋಡಿದ್ದೇನೆ. ಚೆಂಡು ಬರುವಾಗ ಅವನ ಮುಖ ಹೇಗಿರುತ್ತದೆಂದು ಅಂದೇ ಮೊದಲು ಕಂಡದ್ದು. ನೆಲಕ್ಕೆ ಬೀಳಲಿರುವ ಕೂಸನ್ನು ನೋಡುವವರ ಮುಖ. ಆಟ ಮುಗಿಯುವವರೆಗೆ ಅದನ್ನೇ ನೋಡುತ್ತ ಕೂತೆ.

ಮೂರು ಗೋಲುಗಳಿಂದ ಸೋತೆವಂತೆ.

ಮರಳುವಾಗ ಬಸ್ಸಿನಲ್ಲಿ ಜಗಳ ಶುರುವಾಗಿತ್ತು. "ಎರಡನೇದು ಮಹಾಂತೇಶನ ಕೈಯಾಗಿಂದ ಜಾರಿತೋ, ಕಾಲಾಗಿಂದ ಹೋತೋ?" ಎಂದು ಕೂಗಾಡಿ ಕೊನೆಗೆ ಚನ್ನಪ್ಪ ಅಂದ: "ಸರ್ ಹೇಳ್ಲಿ. ಗೋಲಿನ ಹಿಂದ ಇದ್ರು."

"ನಾ ನೋಡಲಿಲ್ಲ," ಎಂದೆ.

ಬಸ್ಸಿನವರೆಲ್ಲ ನಕ್ಕರು. ಮುಂದಿನ ಸೀಟಿನಲ್ಲಿ ಮೊಣಕಾಲು ನೀವಿಕೊಳ್ಳುತ್ತಿದ್ದ ಬಸು ಮಾತ್ರ ಹಿಂತಿರುಗಿ ನೋಡಿ, "ಖರೇ ಐತ್ರಿ," ಎಂದ. "ಸರ್ ನೋಡಲಿಲ್ಲ. ನಾ ಬಾಜೂಕ ಇದ್ದೆ."