ಕಣ್ಣು ಬಿಟ್ಟು ಹೊಡೆಯಲು ಕಲಿತ ವರ್ಷ

ಎಂಬತ್ತರ ದಶಕದಲ್ಲಿ ಉಡುಪಿಯ ನಮ್ಮ ಕಾಲೇಜಿನಲ್ಲಿ ಹುಡುಗಿಯರ ಸಾಫ್ಟ್‌ಬಾಲ್ ತಂಡ ಇತ್ತು ಎಂದರೆ ಈಗ ನನ್ನ ಮಕ್ಕಳೇ ನಂಬುವುದಿಲ್ಲ. ಬೇಸ್‌ಬಾಲಿನ ತಂಗಿಯಂಥ ಆಟ ಅದು. ಚೆಂಡು ಸ್ವಲ್ಪ ದೊಡ್ಡದು, ಎಸೆಯುವವಳು ಕೈಯನ್ನು ಕೆಳಗಿನಿಂದ ಬೀಸಿ ಎಸೆಯಬೇಕು, ಹೊಡೆದವಳು ಬೇಸ್ ಎಂಬ ಮೂರು ಠಾಣೆಗಳನ್ನು ಸುತ್ತಿ ಹೊರಟಲ್ಲಿಗೇ, ಎಂದರೆ 'ಮನೆ'ಗೆ, ಮರಳಿದರೆ ಒಂದು ರನ್. ಹೊಸದಾಗಿ ಬಂದ ದೈಹಿಕ ಶಿಕ್ಷಣದ ಮೇಡಂ ಥ್ರೋಬಾಲ್ ಆಡುತ್ತಿದ್ದ ನಮ್ಮನ್ನೇ ಹಿಡಿದು ಈ ತಂಡ ಕಟ್ಟಿದ್ದರು.

ಚೆಂಡು ಹಿಡಿಯುವುದರಲ್ಲಿ, ಎಸೆಯುವುದರಲ್ಲಿ ನಾವು ಯಾರಿಗೂ ಕಡಿಮೆ ಇರಲಿಲ್ಲ. ಹೊಡೆಯಲು ಮಾತ್ರ ಬರುತ್ತಿರಲಿಲ್ಲ. ಮೊದಲ ವರ್ಷ ಮಂಗಳೂರಿನ ಒಂದು ಕಾಲೇಜಿನ ಎದುರು ಆಡಿದೆವು. ಏಳು ಇನ್ನಿಂಗ್ಸ್ ಮುಗಿದಾಗ ನಮ್ಮದು ಸೊನ್ನೆ. ನಾನಂತೂ ಮೂರು ಸಲ ಬ್ಯಾಟ್ ಹಿಡಿದು ಹೋದೆ, ಮೂರು ಸಲವೂ ಚೆಂಡನ್ನು ಮುಟ್ಟದೆ ಮರಳಿದೆ.

ಮರಳುವ ಬಸ್ಸು ಹತ್ತಿದೆವು. ಪಡುಬಿದ್ರಿ ದಾಟಿದ ಮೇಲೆ ಮೇಡಂ ನಮ್ಮ ಕಡೆ ತಿರುಗಿ ಕುಳಿತರು. "ಸೋತದ್ದಕ್ಕೆ ನನಗೆ ಬೇಸರ ಇಲ್ಲ. ಯಾಕೆ ಸೋತೆವು ಅಂತ ನೋಡಿದ್ದೇನೆ. ನಾಳೆಯಿಂದ ಬೆಳಿಗ್ಗೆ ಏಳಕ್ಕೆ ಮೈದಾನದಲ್ಲಿ ಇರಬೇಕು. ಆಗದವರು ಈಗಲೇ ಹೇಳಿ."

ಮರುದಿನ ಏಳಕ್ಕೆ ಎಲ್ಲರೂ ಮೈದಾನದಲ್ಲಿದ್ದೆವು.

ನಾನು ಕಾಪುವಿನಿಂದ ಆರರ ಬಸ್ಸು ಹಿಡಿಯಬೇಕಿತ್ತು. ಅಪ್ಪ ದೋಣಿಗೆ ಹೋಗುವವರು, ಅಮ್ಮ ಮೀನು ಮಾರುವವರು. ನಮ್ಮ ಮನೆಯಲ್ಲಿ ಆರು ಗಂಟೆ ಎಂದರೆ ಅರ್ಧ ಕೆಲಸ ಮುಗಿದ ಹೊತ್ತು, ಹಾಗಾಗಿ ಏಳುವುದೇನೂ ಕಷ್ಟವಾಗಲಿಲ್ಲ. ಅದೇ ಬಸ್ಸಿಗೆ ಕಾಪು ಪೇಟೆಯಲ್ಲಿ ನನ್ನ ಗೆಳತಿ ಹತ್ತುತ್ತಿದ್ದಳು. ಬ್ಯಾರಿ ಮುಸ್ಲಿಮರ ಮನೆಯ ಹುಡುಗಿ, ಅವಳ ತಂದೆಯದು ದಿನಸಿ ಅಂಗಡಿ. ತಲೆಗೆ ಬಟ್ಟೆ ಬಿಗಿದು, ಉದ್ದ ತೋಳಿನ ಅಂಗಿ ತೊಟ್ಟು ಆಡುತ್ತಿದ್ದಳು. ತಂಡದಲ್ಲಿ ಎಲ್ಲರಿಗಿಂತ ಗಿಡ್ಡ. ಬ್ಯಾಟ್ ಹಿಡಿಯುವ ಸರದಿಯಲ್ಲಿ ಒಂಬತ್ತನೆಯವಳು, ಎಂದರೆ ಕೊನೆಯವಳು.

ನಮ್ಮ ಬಳಿ ಇದ್ದದ್ದು ಮೂರೇ ಚೆಂಡು. ಒಬ್ಬಳು ಹೇಗೋ ಹೊಡೆದರೆ ಉಳಿದವರು ಮುಳ್ಳುಪೊದೆಯಲ್ಲಿ ಹುಡುಕಬೇಕು. ಅಭ್ಯಾಸದ ಅರ್ಧ ಹೊತ್ತು ಅಲ್ಲಿಯೇ ಕಳೆಯುತ್ತಿತ್ತು. "ಒಂದು ಬಲೆ ಇದ್ದಿದ್ದರೆ ಆಗುತ್ತಿತ್ತು. ಆಫೀಸಿಗೆ ಬರೆದಿದ್ದೇನೆ, ಬರುವಾಗ ನಿಮ್ಮ ಪರೀಕ್ಷೆ ಮುಗಿದಿರುತ್ತದೆ" ಎಂದರು ಮೇಡಂ.

ಆ ಸಂಜೆ ಅಪ್ಪನಲ್ಲಿ ಕೇಳಿದೆ. ಅವರು ಜಗಲಿಯ ಮೂಲೆಯಿಂದ ಹಳೆಯದೊಂದು ಬಲೆಯನ್ನು ಎಳೆದು ತಂದರು.

"ಇದರಲ್ಲಿ ಎಂತ ಹಿಡಿಯಲಿಕ್ಕೆ?"

"ಚೆಂಡು ಹಿಡಿಯಲಿಕ್ಕೆ ಅಪ್ಪ."

"ಎಷ್ಟು ದೊಡ್ಡದು? ತೋರಿಸು."

ಎರಡು ಅಂಗೈ ಸೇರಿಸಿ ತೋರಿಸಿದೆ. ಅಪ್ಪ ನನ್ನ ಕೈಯನ್ನೊಮ್ಮೆ, ಬಲೆಯನ್ನೊಮ್ಮೆ ನೋಡಿ, ಹರಿದ ಕಡೆಗಳನ್ನೆಲ್ಲ ಹೊಲಿಯಲು ಕೂತರು. ಮಗಳು ಏನು ಆಡುತ್ತಾಳೆ, ಯಾಕೆ ಆಡುತ್ತಾಳೆ ಎಂದು ಅವರು ಕೇಳಲಿಲ್ಲ.

ಮರುದಿನ ನಾನೂ ಗೆಳತಿಯೂ ಆ ಬಲೆಯ ಗಂಟನ್ನು ಬಸ್ಸಿಗೆ ಹತ್ತಿಸಿದಾಗ ಕಂಡಕ್ಟರ್ ಮೂಗು ಮುಚ್ಚಿಕೊಂಡ. "ಮಲ್ಪೆ ಬಂದರಿಗಾದರೆ ಉಡುಪಿಯಲ್ಲಿ ಬಸ್ಸು ಬದಲಿಸಬೇಕು ಮಾರಾಯ್ತಿ."

"ಗೊತ್ತುಂಟು. ಇದು ಗಾಳಿಯಲ್ಲಿ ಹಿಡಿಯುವ ಬಲೆ" ಎಂದಳು ನನ್ನ ಗೆಳತಿ, ನಗದೆ.

ಎರಡು ಗಾಳಿಮರಗಳ ನಡುವೆ ಬಲೆ ಕಟ್ಟಿದೆವು. ಇನ್ನು ಎಷ್ಟು ಹೊಡೆದರೂ ಚೆಂಡು ಅಲ್ಲೇ ಬೀಳುತ್ತಿತ್ತು. ಮೂರನೆಯ ದಿನ ಮೇಡಂ ನನ್ನ ಕೈಯಿಂದ ಬ್ಯಾಟ್ ತೆಗೆದುಕೊಂಡರು.

"ನೀನು ಕಣ್ಣು ಮುಚ್ಚುತ್ತೀ."

"ಇಲ್ಲ ಮೇಡಂ."

"ಮುಚ್ಚುತ್ತೀ. ಚೆಂಡು ಹತ್ತಿರ ಬರುವಾಗ ಮುಚ್ಚುತ್ತೀ, ದಾಟಿದ ಮೇಲೆ ಬಿಡುತ್ತೀ. ಯಾವುದಕ್ಕೆ ಹೊಡೆಯುವುದು ಮತ್ತೆ?"

ಎಲ್ಲರ ಎದುರು ಹಾಗೆ ಹೇಳಿದ್ದಕ್ಕೆ ಅಳು ಬಂತು. ನಾನು ಹುಟ್ಟಿನಿಂದ ಕಡಲು ನೋಡಿದವಳು, ಹೆದರುಪುಕ್ಕಲಿ ಅಲ್ಲ ಎಂದೇ ತಿಳಿದಿದ್ದೆ. ಮೇಡಂ ಒಂದು ಚೆಂಡಿಗೆ ಕೆಂಪು ಶಾಯಿಯಿಂದ, ಇನ್ನೊಂದಕ್ಕೆ ನೀಲಿಯಿಂದ ದೊಡ್ಡ ಗುರುತು ಹಾಕಿದರು. ನಾನು ಬ್ಯಾಟ್ ಬೀಸಬಾರದು, ಸುಮ್ಮನೆ ನಿಂತು ಯಾವ ಬಣ್ಣ ಎಂದು ಕೂಗಬೇಕು, ಅಷ್ಟೆ. ಮೊದಲ ದಿನ ನಾನು ಹೇಳಿದ್ದೆಲ್ಲ ಊಹೆ. ಒಂದು ವಾರ ಕಳೆದರೂ ತಪ್ಪೇ ಹೆಚ್ಚು. ಉಳಿದವರು ಹೊಡೆಯುತ್ತಿದ್ದರೆ ನಾನು "ಕೆಂಪು, ನೀಲಿ" ಎಂದು ಅಂಗನವಾಡಿ ಮಗುವಿನ ಹಾಗೆ ಕೂಗುತ್ತಿದ್ದೆ. ಬಿಟ್ಟುಬಿಡಲೇ ಎಂದು ಒಮ್ಮೆ ಅನಿಸಿತು. ಆದರೆ ಅಪ್ಪ ಹೊಲಿದ ಬಲೆ ನನ್ನ ಕಣ್ಣೆದುರಿಗೇ ಇತ್ತು. ಎರಡನೆಯ ವಾರ ಒಂದು ಬೆಳಿಗ್ಗೆ ಚೆಂಡಿನ ಮೇಲಿನ ನೀಲಿ ಗುರುತು ತಿರುಗುತ್ತಾ ಬರುವುದು ಸ್ಪಷ್ಟವಾಗಿ ಕಂಡಿತು. ಅದಾದ ಮೇಲೆ ಮೇಡಂ ಬ್ಯಾಟ್ ಕೊಟ್ಟರು.

ಅಷ್ಟರಲ್ಲಿ ಮೇಡಂ ಹೊಡೆಯುವ ಸರದಿಯನ್ನೂ ಬದಲಿಸಿದರು. ಕೊನೆಯವಳಾಗಿದ್ದ ನನ್ನ ಗೆಳತಿಯನ್ನು ಮೊದಲಿಗೆ ತಂದರು. ಅವಳು ಅಳತೆ ಮೀರಿ ಆಚೀಚೆ ಹೋಗುವ ಕೆಟ್ಟ ಚೆಂಡಿಗೆ ಬ್ಯಾಟ್ ಬೀಸುತ್ತಲೇ ಇರಲಿಲ್ಲ. ಎದುರಾಳಿ ನಾಲ್ಕು ಕೆಟ್ಟ ಚೆಂಡು ಎಸೆದರೆ ಹೊಡೆಯುವವಳು ಪುಕ್ಕಟೆಯಾಗಿ ಮೊದಲ ಬೇಸ್‌ಗೆ ನಡೆದು ಹೋಗಬಹುದು. ಎರಡನೆಯವಳಿಗೆ ಬ್ಯಾಟನ್ನು ಬೀಸದೆ ಚೆಂಡನ್ನು ಮೆಲ್ಲಗೆ ತಡೆದು ಕಾಲ ಬುಡದಲ್ಲಿ ಬೀಳಿಸುವುದನ್ನು ಕಲಿಸಿದರು. ಅದರ ಹೆಸರು ಬಂಟ್ ಎಂದಾಗ ತಂಡದ ಇಬ್ಬರು ಬಂಟ ಸಮುದಾಯದ ಹುಡುಗಿಯರು ನಕ್ಕು ನಕ್ಕು ನೆಲದಲ್ಲಿ ಕೂತರು. ಮೂರನೆಯವಳು ನಾನು. ಇಷ್ಟು ದಿನ ಮೊದಲನೆಯವಳಾಗಿದ್ದ ಕ್ಯಾಪ್ಟನ್ ನಾಲ್ಕನೆಯವಳು.

ಕ್ಯಾಪ್ಟನ್ ಕಾರ್ಕಳದವಳು, ಹಾಸ್ಟೆಲಿನಲ್ಲಿ ಇದ್ದವಳು. ಗಟ್ಟಿ ತೋಳು, ಬಂದ ಚೆಂಡಿಗೆಲ್ಲ ಬೀಸುವ ಅಭ್ಯಾಸ. "ನಾನು ಎಂತ ತಪ್ಪು ಮಾಡಿದ್ದು?" ಎಂದು ಕೇಳಿದವಳು ಎರಡು ದಿನ ಮೈದಾನಕ್ಕೆ ಬರಲಿಲ್ಲ. ನಾನೂ ಗೆಳತಿಯೂ ಹಾಸ್ಟೆಲಿಗೆ ಹೋದೆವು. ಅವಳು ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದಳು, ತಲೆ ಎತ್ತಲಿಲ್ಲ.

ನನ್ನ ಗೆಳತಿ ಹೇಳಿದಳು: "ನೋಡು, ನಾನು ನಡೆದು ಹೋಗಿ ಬೇಸ್‌ನಲ್ಲಿ ನಿಲ್ಲುತ್ತೇನೆ. ಅಲ್ಲಿಂದ ನನ್ನನ್ನು ಮನೆಗೆ ಕರೆದುಕೊಂಡು ಬರುವವರು ಯಾರು? ಅಷ್ಟು ದೂರ ಹೊಡೆಯಲಿಕ್ಕೆ ನಮಗೆ ಯಾರಿಗಾದರೂ ಆಗುತ್ತದಾ, ನಿನಗೆ ಬಿಟ್ಟು?"

ಕ್ಯಾಪ್ಟನ್ ಬಟ್ಟೆ ಹಿಂಡುತ್ತಲೇ ಇದ್ದಳು. ಮರುದಿನ ಏಳಕ್ಕೆ ನಾವು ಹೋದಾಗ ನಮಗಿಂತ ಮೊದಲೇ ಬಂದು ಬಲೆ ಬಿಗಿಯುತ್ತಿದ್ದಳು.

ಮುಂದಿನ ವರ್ಷದ ಪಂದ್ಯಗಳು ಮಣಿಪಾಲದಲ್ಲಿ ನಡೆದವು. ಮೊದಲಿಗೇ ಎದುರಾದದ್ದು ಮಂಗಳೂರಿನ ಅದೇ ಕಾಲೇಜು. ಗುಡ್ಡದ ಮೇಲಿನ ಮೈದಾನ, ಮುರಕಲ್ಲಿನ ಕೆಂಪು ಧೂಳು, ತಲೆಯ ಮೇಲೆ ಸುಡುವ ಬಿಸಿಲು. ಕೊನೆಯ ಇನ್ನಿಂಗ್ಸ್‌ನಲ್ಲಿ ಅವರು ಹೊಡೆದು ಮುಗಿಸಿದಾಗ ಇಬ್ಬರದೂ ಎರಡೆರಡು ರನ್, ಇನ್ನು ಹೊಡೆಯುವ ಸರದಿ ನಮ್ಮದು.

ನನ್ನ ಗೆಳತಿ ಕಲ್ಲಿನಂತೆ ನಿಂತು ನಾಲ್ಕು ಕೆಟ್ಟ ಚೆಂಡುಗಳನ್ನು ಬಿಟ್ಟಳು, ನಡೆದಳು. ಎರಡನೆಯವಳು ಬಂಟ್ ಮಾಡಿ ತಾನು ಔಟಾದರೂ ಇವಳನ್ನು ಎರಡನೆಯ ಬೇಸ್‌ಗೆ ದಾಟಿಸಿದಳು. ನಾನು ಹೋದೆ. ಮೊದಲ ಚೆಂಡಿಗೆ ಬೀಸಿ ತಪ್ಪಿದೆ. ಆದರೆ ತಪ್ಪಿದ್ದನ್ನು ಕಣ್ಣಾರೆ ಕಂಡಿದ್ದೆ, ಚೆಂಡು ಬ್ಯಾಟಿನ ಕೆಳಗೆ ಹೋಗಿತ್ತು. ಮುಂದಿನದಕ್ಕೆ ಬ್ಯಾಟನ್ನು ತುಸು ತಗ್ಗಿಸಿ ಬೀಸಿದೆ. ಕೈಗೆ ಏನೂ ತಾಗಿದ ಹಾಗೆ ಅನಿಸಲಿಲ್ಲ, ಚೆಂಡು ಮಾತ್ರ ಎದುರಾಳಿಯ ಇಬ್ಬರ ನಡುವೆ ನುಗ್ಗಿ ಹೋಯಿತು. ಓಡಿ ಮೊದಲ ಬೇಸ್ ಮೆಟ್ಟಿ ತಿರುಗಿದರೆ ಗೆಳತಿ ಮೂರನೆಯದರಲ್ಲಿ ನಿಂತಿದ್ದಾಳೆ.

ಕ್ಯಾಪ್ಟನ್ ಬಂದಳು. ಎರಡು ಕೆಟ್ಟ ಚೆಂಡುಗಳನ್ನು ಹಲ್ಲು ಕಚ್ಚಿ ಬಿಟ್ಟಳು. ಅವಳು ಬಿಡುವುದನ್ನು ನಾನು ಪಂದ್ಯದಲ್ಲಿ ನೋಡಿದ್ದು ಅದೇ ಮೊದಲು. ಮೂರನೆಯದನ್ನು ಹೊಡೆದ ಹೊಡೆತಕ್ಕೆ ಚೆಂಡು ಎಲ್ಲರ ತಲೆ ದಾಟಿ ಬೇಲಿಯ ಹತ್ತಿರ ಬಿತ್ತು. ಗೆಳತಿ ಮನೆ ಮುಟ್ಟಿದಳು. ಗೆದ್ದಿದ್ದೆವು. 

ಮರುದಿನದ ಪಂದ್ಯದಲ್ಲಿ ಸೋತೆವು. ಆ ತಂಡದಲ್ಲಿ ಚೆಂಡೆಸೆಯುವ ಹುಡುಗಿಯ ಚೆಂಡು ಹತ್ತಿರ ಬಂದ ಮೇಲೆ ಮೇಲೆದ್ದು ಹೋಗುತ್ತಿತ್ತು. ಕಣ್ಣು ಬಿಟ್ಟೇ ನೋಡುತ್ತಿದ್ದೆ, ಆದರೂ ಹೊಡೆಯಲು ಆಗಲಿಲ್ಲ. ಪಂದ್ಯ ಮುಗಿದು ನಾವು ಚೀಲ ಕಟ್ಟುತ್ತಿದ್ದಾಗ ಕ್ಯಾಪ್ಟನ್ ನೆಟ್ಟಗೆ ಆ ಹುಡುಗಿಯ ಬಳಿ ಹೋದಳು. ನಾವೂ ಹಿಂದೆ ಹೋದೆವು.

"ಆ ಚೆಂಡು ಹೇಗೆ ಎಸೆಯುವುದು? ನಮಗೆ ತೋರಿಸಬಹುದಾ?"

ಹುಡುಗಿ ತನ್ನ ಗೆಳತಿಯರತ್ತ ಒಮ್ಮೆ ನೋಡಿದಳು. ಆಮೇಲೆ ಚೆಂಡನ್ನು ಕೈಗೆ ತೆಗೆದುಕೊಂಡು ಯಾವ ಬೆರಳು ಎಲ್ಲಿ ಎಂದು ತೋರಿಸಿದಳು. "ನಿಲ್ಲಿ, ಎಸೆಯುತ್ತೇನೆ" ಎಂದಳು. ನಾವು ಚೀಲದಿಂದ ಬ್ಯಾಟ್ ಹೊರಗೆ ತೆಗೆದು ಒಬ್ಬೊಬ್ಬರಾಗಿ ಸಾಲು ನಿಂತೆವು.