ಕೆಟ್ಟ ಮಾಲು ನೋಡಲು ಹೋದದ್ದು

ನಮ್ಮ ಮಾವ ಆಳಂದದ ತೊಗರಿ ವ್ಯಾಪಾರಿ. ನಾನು ವಿಜ್ಞಾನ ಓದಿದವನೆಂದು ನನ್ನ ಮಾತು ನಂಬಿ, ಬಿಸಿಲಿನಿಂದ ಕರೆಂಟು ತೆಗೆಯುವ ಸಿಲಿಕಾನ್ ತಯಾರಿಸಲು ಹೊರಟ ಕಂಪನಿಯ ಷೇರು ಕೊಂಡಿದ್ದರು. ಒಂದು ದಿನ ಕಾರ್ಖಾನೆ ನೋಡಲು ನನ್ನನ್ನೂ ಕರೆದೊಯ್ದರು. ಮಾಲು ಮನಸ್ಸಿಗೆ ಬರದಿದ್ದರೆ ಷೇರು ಮಾರಿಬಿಡುವವರಿದ್ದರು. ಮನೆಯಲ್ಲಿ ನನ್ನ ಮಾತಿನ ಬೆಲೆಯೂ ಅಲ್ಲಿಗೇ ಮುಗಿಯುತ್ತಿತ್ತು.

ಅಲ್ಲಿನ ಇಂಜಿನಿಯರ್ ಗಾಜಿನ ಪೆಟ್ಟಿಗೆಯಲ್ಲಿದ್ದ ಹೊಳೆಯುವ ಸಿಲಿಕಾನ್ ತುಂಡೊಂದನ್ನು ತೋರಿಸಿದ.

“ಇದು ಛಲೋ ಅದ ಬಿಡ್ರಿ. ಕೆಟ್ಟದ್ದು ಎಲ್ಲಿಟ್ಟೀರಿ?” ಎಂದರು ಮಾವ. “ನಾವು ಚೀಲದ ತಳದ ಕಾಳು ನೋಡೇ ರೇಟು ಹೇಳೋದ್ರಿ.”

ಇಂಜಿನಿಯರ್ ನನ್ನ ಮುಖ ನೋಡಿದ. ನಾನು ಗೋಡೆ ನೋಡಿದೆ. ಕೊನೆಗೆ ಅವನು ನಮ್ಮನ್ನು ಹಿತ್ತಲಿಗೆ ಕರೆದೊಯ್ದ. ಕೆಟ್ಟ ಸಿಲಿಕಾನಿನ ಕಪ್ಪು ಹೆಂಟೆಗಳ ರಾಶಿ ಎದೆಮಟ್ಟಕ್ಕೆ ಬಿದ್ದಿತ್ತು.

“ಇನ್ನೂ ಶುದ್ಧ ಆಗ್ತಾ ಇಲ್ಲ ಸಾರ್,” ಎಂದ.

“ಕೆಟ್ಟದ್ದು ಮುಚ್ಚಿಡಲಿಲ್ಲ ನೋಡ್ರಿ ಅಳಿಯಂದ್ರ. ಷೇರು ಇರ್ಲಿ,” ಎಂದರು ಮಾವ.

ನನಗೆ ಜೀವ ಬಂತು. ಅಷ್ಟು ದೊಡ್ಡ ರಾಶಿ ಮುಚ್ಚಲು ತಾಡಪತ್ರಿಯಾದರೂ ಎಲ್ಲಿ ಸಿಗುತ್ತಿತ್ತು ಎಂದು ನಾನು ಕೇಳಲು ಹೋಗಲಿಲ್ಲ.