ಉದ್ದವ್ವನ ಪಾಲಿನ ಗೋಡೆ

ಗೋಕಾಕದ ಪೇಟೆಯಲ್ಲಿ ಜಿನೇಂದ್ರ ಸಾವಕಾರರ ಅರಿವೆ ಅಂಗಡಿಯ ಪಡುವಣ ಗೋಡೆ ಎಂದರೆ ಪೇಂಟರುಗಳಿಗೆಲ್ಲ ತಲೆನೋವು. ಕೆಳಗೆ ಅಂಗಡಿ, ಮೇಲೆ ಎರಡು ಅಂತಸ್ತಿನ ಲಾಡ್ಜು. ಬೇಸಿಗೆಯಲ್ಲಿ ಮಧ್ಯಾಹ್ನದಿಂದ ಹೊತ್ತು ಮುಳುಗುವ ತನಕ ಬಿಸಿಲು ಆ ಗೋಡೆಯನ್ನು ಬಿಟ್ಟು ಅಲುಗುತ್ತಿರಲಿಲ್ಲ. ಆಷಾಢ ಬಂತೋ, ಗಾಳಿ ಮಳೆಯನ್ನು ಅಡ್ಡಡ್ಡ ತಂದು ಅದಕ್ಕೇ ಬಡಿಯುತ್ತಿತ್ತು. ಕಬ್ಬು ನುರಿಸುವ ದಿನಗಳಲ್ಲಿ ಎಲ್ಲಿಂದಲೋ ಕರಿ ಬೂದಿ ಬಂದು ಕೂರುತ್ತಿತ್ತು. ಯಾರು ಬಣ್ಣ ಹಚ್ಚಿದರೂ ಮುಂದಿನ ಯುಗಾದಿಗೆ ಹಪ್ಪಳದಂತೆ ಎದ್ದು ನಿಲ್ಲುತ್ತಿತ್ತು. ಸತ್ತೆಪ್ಪ ಹಚ್ಚಿದರೆ ಮಾತ್ರ ಮೂರು ಮಳೆಗಾಲ ಮಿಸುಕುತ್ತಿರಲಿಲ್ಲ.

ಹೀಗಾಗಿ ಸತ್ತೆಪ್ಪನಿಗೆ ದೊಡ್ಡ ಹೆಸರು. ಮೂಡಲಗಿಯ ಅಡತಿ ಅಂಗಡಿಗಳು, ಹುಕ್ಕೇರಿಯ ಬಸ್ ಸ್ಟ್ಯಾಂಡಿನ ಎದುರಿನ ಖಾನಾವಳಿ, ಎಲ್ಲ ಕಡೆಯಿಂದಲೂ ಅವನಿಗೇ ಕರೆ. ‘ಸತ್ತೆಪ್ಪನ ಕೈಗುಣ ಅದು’ ಎನ್ನುತ್ತಿದ್ದರು ಜನ. ಅವನು ಮೀಸೆಯ ಮೇಲೆ ಕೈಯಾಡಿಸುತ್ತಿದ್ದ. ಕೈಗುಣವಂತೆ ಕೈಗುಣ! ಆ ಕೈ ಯಾರದು ಎಂದು ಒಬ್ಬರಾದರೂ ಕೇಳಬೇಕಲ್ಲ?

ಕೈ ಅವನ ಹೆಂಡತಿ ಉದ್ದವ್ವನದು. ಮದುವೆಯಾಗಿ ಬೆಲ್ಲದ ಬಾಗೇವಾಡಿಯಿಂದ ಬರುವಾಗ ಕಳೆ ತೆಗೆಯುವ ಕುರಪಿಯೊಂದನ್ನು ತವರಿನಿಂದ ತಂದಿದ್ದಳು. ಹೊಲವಿಲ್ಲದ ಮನೆಗೆ ಕುರಪಿ ಯಾಕೆ ಎಂದು ಅತ್ತೆ ನಕ್ಕಿದ್ದಳಂತೆ. ಅದೇ ಕುರಪಿ ಹಿಡಿದು ಉದ್ದವ್ವ ಗೋಡೆ ಕೆರೆಯಲು ನಿಂತಳು. ಸತ್ತೆಪ್ಪ ಬಣ್ಣ ಕಲೆಸುವುದಕ್ಕೂ ಮುಂಚೆ ಹಳೆಯ ಬಣ್ಣವನ್ನೆಲ್ಲ ಕೆರೆದು, ಗೋಡೆಯನ್ನು ಬೆರಳ ಗಂಟಿನಿಂದ ತಟ್ಟಿ, ಪೊಳ್ಳು ಸದ್ದು ಬಂದ ಕಡೆ ಮತ್ತೆ ಕೆರೆದು, ಕೊಡಗಟ್ಟಲೆ ನೀರು ಹಾಕಿ ತೊಳೆಯುತ್ತಿದ್ದಳು. ಗೋಡೆ ಒಣಗಿದ ಮೇಲೆ ಅಂಗೈಯಿಂದ ತಿಕ್ಕಿ ನೋಡುತ್ತಿದ್ದಳು. ಪುಡಿ ಹತ್ತಿದರೆ ಮತ್ತೆ ಕುರಪಿ. ಹತ್ತದಿದ್ದರೆ ಅಂಗೈಯನ್ನು ಗಂಡನ ಮುಂದೆ ಹಿಡಿದು, “ನೋಡ್ರಿ, ಸ್ವಚ್ಛ ಐತಿ. ಇನ್ನ ಹಚ್ರಿ” ಎನ್ನುತ್ತಿದ್ದಳು. ಆ ಅಂಗೈ ಕಾಣುವ ತನಕ ಸತ್ತೆಪ್ಪ ಬ್ರಶ್ ಎತ್ತುತ್ತಿರಲಿಲ್ಲ.

ಉದ್ದವ್ವನಿಗೆ ಒಂದೇ ಒಂದು ಆಸೆಯಿತ್ತು. ಸೀರೆ ಕೇಳಿದವಳಲ್ಲ, ಬಂಗಾರ ಕೇಳಿದವಳಲ್ಲ. “ಒಂದ ಸಲ ನನ್ನ ಕೈಯಾಗೂ ಬ್ರಶ್ ಕೊಡ್ರಿ. ನಾ ಕೆರದ ಗೋಡಿಗೆ ನಾನ ಬಣ್ಣ ಹಚ್ಚಿ ನೋಡತೇನಿ” ಎನ್ನುತ್ತಿದ್ದಳು.

“ನಿನಗ ಬ್ರಶ್ ಕೊಟ್ಟು ನಾ ಬಳಿ ಹಾಕ್ಕೊಂಡು ಕೂಡ್ಲೇನ?” ಎಂದು ಸತ್ತೆಪ್ಪ ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದ. ಸುತ್ತಲಿನವರು ಘೊಳ್ಳನೆ ನಗುತ್ತಿದ್ದರು, ಅವಳೂ ನಗುತ್ತಿದ್ದಳು. ಹೆಂಗಸರು ಕೆರೆಯಬೇಕು, ಗಂಡಸರು ಹಚ್ಚಬೇಕು. ಪೇಂಟರುಗಳಲ್ಲಿ ಹಾಗೇ ನಡೆದುಬಂದಿತ್ತು. ಸತ್ತೆಪ್ಪ ಕೆಟ್ಟವನೇನಲ್ಲ. ಆದರೆ ಜನ ಏನಂದಾರು ಎಂಬ ಭಯ ಅವನಿಗೆ ಹೆಂಡತಿಗಿಂತ ಹತ್ತಿರದ ನೆಂಟ. ಇದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ತೊಂಬತ್ತೊಂಬತ್ತರ ಬೇಸಿಗೆಯಲ್ಲಿ ಸಾವಕಾರರ ಮಗಳು ಶ್ರದ್ಧಾಳ ಮದುವೆ ಗೊತ್ತಾಯಿತು. ಅಷ್ಟರೊಳಗೆ ಗೋಡೆ ಹೊಸದಾಗಬೇಕಿತ್ತು. ಉದ್ದವ್ವನಿಗೆ ಆಗಲೇ ಕೆಮ್ಮು ಅಂಟಿಕೊಂಡಿತ್ತು. ವರ್ಷಗಟ್ಟಲೆ ಕುಡಿದ ಸುಣ್ಣದ ಧೂಳು ಎದೆಯಲ್ಲಿ ಕೂತಿತ್ತು. “ಈ ಕೆಲಸ ಒಂದ ಮುಗೀಲಿ, ದವಾಖಾನಿಗೆ ಹೋಗೂಣು” ಎಂದ ಸತ್ತೆಪ್ಪ. ಅವಳು ಬಿದಿರಿನ ಅಟ್ಟಣಿಗೆ ಹತ್ತಿ ಮೇಲಿನರ್ಧ ಗೋಡೆಯನ್ನು ಕೆರೆದು ಮುಗಿಸಿದಳು. ಇಳಿದು ಬಂದವಳು ಗೋಡೆ ಪಕ್ಕದ ಲಾಡ್ಜಿನ ಮೆಟ್ಟಿಲ ಮೇಲೆ ಕುಳಿತು ಕೆಮ್ಮತೊಡಗಿದಳು. ಎಷ್ಟು ಹೊತ್ತಾದರೂ ಏಳಲಿಲ್ಲ. ಸತ್ತೆಪ್ಪನೇ ಎತ್ತಿಕೊಂಡು ಮನೆಗೆ ಒಯ್ದ. ಹುಕ್ಕೇರಿಗೆ ಕೊಟ್ಟಿದ್ದ ಮಗಳು ರಾಜೇಶ್ವರಿ ಆರೈಕೆಗೆಂದು ಓಡಿಬಂದಳು.

ಮದುವೆ ನಿಲ್ಲುತ್ತದೆಯೇ? ಸತ್ತೆಪ್ಪ ಕೂಲಿಗೆ ಇಬ್ಬರನ್ನು ಹಿಡಿದು ತಂದು ಕೆಳಗಿನರ್ಧ ಕೆರೆಸಿದ. ಅವರು ಕೆರೆದದ್ದು ಕಾಟಾಚಾರಕ್ಕೆ. ಅದು ಅವನ ಕಣ್ಣಿಗೆ ಬಿದ್ದಿತ್ತು. ಆದರೂ ಅಂಗೈಯಿಟ್ಟು ನೋಡಲಿಲ್ಲ. ನೋಡಿದರೆ ಪುಡಿ ಹತ್ತುತ್ತದೆ, ಹತ್ತಿದರೆ ಮತ್ತೆ ಕೆರೆಸಬೇಕು. ಕಣ್ಣು ಮುಚ್ಚಿ ಬಣ್ಣ ಬಳಿದುಬಿಟ್ಟ.

“ಕೈಗೆ ಪುಡಿ ಹತ್ತಲಿಲ್ಲ ಹೌದಲ್ರಿ?” ಎಂದು ಹಾಸಿಗೆಯಿಂದಲೇ ಕೇಳಿದಳು ಉದ್ದವ್ವ.

“ಇಲ್ಲ. ನಿನ್ನಂಗ ಕೆರದಾರ.”

ಮದುವೆಯ ದಿನ ಸಾವಕಾರರು ಎಲ್ಲರೆದುರು ಸತ್ತೆಪ್ಪನಿಗೆ ರುಮಾಲು ಸುತ್ತಿ, ಕೈಯಲ್ಲಿ ಕರದಂಟಿನ ಡಬ್ಬಿ ಕೊಟ್ಟರು. ಮನೆಗೆ ಬಂದಾಗ ಉದ್ದವ್ವ ಆ ರುಮಾಲನ್ನು ಮುಟ್ಟಿ ಮುಟ್ಟಿ ನೋಡಿ, “ಭಾಳ ಒಪ್ಪತೈತಿ ನಿಮಗ” ಎಂದಳು. ಸತ್ತೆಪ್ಪ ರುಮಾಲು ಬಿಚ್ಚಿ ಅವಳ ತೊಡೆಯ ಮೇಲಿಟ್ಟ. “ನೀ ಏಳು. ಈ ಸಲ ದಸರಾದಾಗ ಖಂಡೇ ಪೂಜಿ ದಿನ, ಕುರಪಿ ಬ್ರಶ್ ಪೂಜಿ ಮಾಡಿ, ಅದ ಗೋಡಿಗೆ ನಿನ್ನ ಕೈಲೆ ಇನ್ನೊಂದ ಕೋಟ್ ಬಣ್ಣ ಹಚ್ಚಸ್ತೇನಿ. ಯಾರ ನಕ್ಕರೂ ನಗವಲ್ರ್ಯಾಕ” ಎಂದುಬಿಟ್ಟ. ಅವಳು ಕಣ್ಣರಳಿಸಿ ನೋಡಿದಳು. ಮರುದಿನ ಮನೆಯ ಗೋಡೆಗೆ ಒರಗಿ ಕೂತು ಅರ್ಧ ರೊಟ್ಟಿ ತಿಂದಳು.

ಆಷಾಢದ ಮಳೆ ಹೊಡೆಯಿತು. ಮೇಲಿನರ್ಧ ಗೋಡೆ ಹಾಗೇ ನಿಂತಿತು. ಕೆಳಗಿನರ್ಧ ಬೊಬ್ಬೆ ಬೊಬ್ಬೆ ಎದ್ದು, ಬಣ್ಣ ಹಾಳೆ ಹಾಳೆಯಾಗಿ ಉದುರಿತು. ಉದ್ದವ್ವನ ಕುರಪಿ ಎಲ್ಲಿಗೆ ನಿಂತಿತ್ತೋ ಅಲ್ಲಿಂದಲೇ ಸರಿಯಾಗಿ ಗೆರೆ ಕೊರೆದಂತೆ! ಪೇಟೆಗೆ ಬಂದವರೆಲ್ಲ ನಿಂತು ನೋಡುವಂತಾಯಿತು. ಸತ್ತೆಪ್ಪ ಓಡಿಬಂದು ನೋಡಿದ. ಜನರಿಗೆ ಏನಾದರೊಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಉದ್ದವ್ವ ನೋಡಿದರೆ? ತನ್ನ ಸುಳ್ಳು ಅಷ್ಟಗಲ ತೆರೆದುಕೊಂಡು ನಿಂತಿದೆಯಲ್ಲ!

ಅಂದಿನಿಂದ ಶುರುವಾಯಿತು ಇನ್ನೊಂದು ಸುಳ್ಳು. “ಮೂಡಲಗ್ಯಾಗ ಕೆಲಸ ಹತ್ತೇತಿ” ಎಂದು ಬುತ್ತಿ ಕಟ್ಟಿಸಿಕೊಂಡು ಮನೆ ಬಿಡುತ್ತಿದ್ದ. ಹೋಗುತ್ತಿದ್ದುದು ಅದೇ ಊರಿನ ಅದೇ ಗೋಡೆಗೆ. ಮಳೆ ಬಿಟ್ಟಾಗಲೆಲ್ಲ ಅವಳ ಕುರಪಿಯಿಂದ ತಾನೇ ಕೆರೆಯುತ್ತಿದ್ದ. ಕೈಯಲ್ಲಿ ಬೊಬ್ಬೆ ಎದ್ದು ಒಡೆದವು, ಧೂಳಿಗೆ ಅವನಿಗೂ ಕೆಮ್ಮು ಹತ್ತಿತು. ಇಷ್ಟು ವರ್ಷ ಇವಳು ಇದನ್ನು ಹೇಗೆ ಮಾಡಿದಳಪ್ಪಾ ಎಂದುಕೊಂಡ. ಈ ಪುಣ್ಯಾತ್ಮನಿಗೆ ಈ ಪ್ರಶ್ನೆ ಹುಟ್ಟಲು ಅವಳು ನೆಲ ಹಿಡಿಯಬೇಕಾಯಿತು.

“ಒಮ್ಮೆ ಗೋಡಿ ತೋರಿಸಿಕೊಂಡ ಬರ್ರಿ” ಎಂದು ಉದ್ದವ್ವ ಕೇಳಿದಾಗಲೆಲ್ಲ, “ಮಳಿ ಐತಿ, ಥಂಡಿ ಆದೀತು. ಖಂಡೇ ಪೂಜಿಗೆ ಹೋಗೂಣಲ್ಲ” ಎನ್ನುತ್ತಿದ್ದ. ಅವಳು ಹೂಂ ಎನ್ನುತ್ತಿದ್ದಳು. ಬೆಳಿಗ್ಗೆ ಅವನು ಹೊರಟಾಗ, “ಮೂಡಲಗಿ ದೂರ ಆತು, ಹುಷಾರ್ ಹೋಗ್ರಿ” ಎನ್ನುವುದನ್ನು ಮಾತ್ರ ಮರೆಯುತ್ತಿರಲಿಲ್ಲ.

ಖಂಡೇ ಪೂಜೆಗೆ ವಾರವಿರುವಾಗ ಗೋಡೆ ಸಿದ್ಧವಾಯಿತು. ಸತ್ತೆಪ್ಪ ಅಂಗೈಯಿಂದ ತಿಕ್ಕಿ ನೋಡಿದ. ಒಂದು ಚೂರೂ ಪುಡಿಯಿಲ್ಲ. ಇನ್ನು ಹೆದರಿಕೆಯಿಲ್ಲ, ನಾಳೆಯೇ ಆಟೋದಲ್ಲಿ ಕರೆತಂದು ತೋರಿಸುತ್ತೇನೆ ಎಂದು ಹುರುಪಿನಿಂದ ಮನೆಗೆ ಬಂದ. ಬಾಗಿಲಲ್ಲಿ ಓಣಿಯ ಹೆಂಗಸರು ನೆರೆದಿದ್ದರು. ಉದ್ದವ್ವ ಸಂಜೆಯ ಚಹಾ ಕುಡಿದು ಮಗಳ ತೊಡೆಯ ಮೇಲೆ ತಲೆಯಿಟ್ಟವಳು ಮತ್ತೆ ಏಳಲಿಲ್ಲ.

ಮಣ್ಣು ಕೊಟ್ಟು, ಕಾರ್ಯ ಮುಗಿಸಿದ ಮೇಲೆ ಸತ್ತೆಪ್ಪ ಬಣ್ಣದ ಡಬ್ಬಿ ಹೊತ್ತು ಗೋಡೆಗೆ ಬಂದ. ದೀಪಾವಳಿ ಹತ್ತಿರ ಬಂದಿತ್ತು, ಸಾವಕಾರರು ಹೇಳಿ ಕಳಿಸಿದ್ದರು. ರಾಜೇಶ್ವರಿ ಬುತ್ತಿ ತಂದಳು. ಗೋಡೆಯೆಲ್ಲ ಮುಗಿದಿತ್ತು. ಮೆಟ್ಟಿಲ ಪಕ್ಕದಲ್ಲಿ, ಕೂತವರ ಕೈಗೆ ಎಟಕುವಷ್ಟು ಎತ್ತರದಲ್ಲಿ, ಒಂದು ಕಿಟಕಿಯಷ್ಟು ಜಾಗ ಮಾತ್ರ ಹಾಗೇ ಉಳಿದಿತ್ತು.

“ಇದು ನಿಮ್ಮವ್ವನ ಪಾಲು” ಎಂದ ಸತ್ತೆಪ್ಪ. “ಅಕಿಗೆ ಮೊದಲ ತೋರಸ್ಬೇಕಿತ್ತವಾ. ಬಣ್ಣ ಉದುರಿದ್ದ ನೋಡಿದ್ರ ನನ್ನ ಸುಳ್ಳ ಗೊತ್ತಾಗತೈತಂತ ಮುಚ್ಚಿಟ್ಟೆ.”

ರಾಜೇಶ್ವರಿ ಬುತ್ತಿ ಕೆಳಗಿಟ್ಟಳು. “ಅವ್ವ ನೋಡಿದ್ಲು, ಅಪ್ಪಾ.”

“ಏನಂದಿ?”

“ಶ್ರಾವಣದಾಗ ದವಾಖಾನಿಗೆ ಕರಕೊಂಡ ಹೋಗೂವಾಗ ಇಲ್ಲೇ ಆಟೋ ನಿಲ್ಲಿಸಿದ್ಲು, ನೀ ಆಗ ಇಲ್ಲಿ ಇರಲಿಲ್ಲ. ಇಳದು ಗೋಡಿಗೆ ಕೈ ಹಚ್ಚಿ ನೋಡಿದ್ಲು. ಕೈಯೆಲ್ಲ ಬೆಳ್ಳಗಾತು, ಸೆರಗಿಗೆ ಒರಸ್ಕೊಂಡ್ಲು. ‘ನಿಮ್ಮಪ್ಪಗ ಹೇಳಬ್ಯಾಡ, ನೊಂದ್ಕೋತಾರ. ಅವರಾಗೇ ಕರೀಲಿ, ಬರತೇನಿ’ ಅಂದ್ಲು. ನೀ ಮೂಡಲಗಿಗೆ ಹೋಗಾಕತ್ತಿಲ್ಲ ಅನ್ನೂದೂ ಗೊತ್ತಿತ್ತು. ಈ ಗೋಡಿ ಪುಡಿ ದಿನಾ ನಿನ್ನ ತಲ್ಯಾಗ ಇರತಿತ್ತಲ್ಲ.”

ಸತ್ತೆಪ್ಪ ಮೆಟ್ಟಿಲ ಮೇಲೆ ಕೂತ. ಅವಳು ಕೂತು ಕೆಮ್ಮಿದ್ದ ಮೆಟ್ಟಿಲು ಅದೇ. ಪೇಟೆಯ ಜನ ನೋಡುತ್ತಿದ್ದರು. ಜನ ಏನಂದಾರು ಎಂದು ಹೆದರುತ್ತಿದ್ದ ಆ ಮನುಷ್ಯ ಅವರೆಲ್ಲರ ಎದುರು ಬಾಯಿಬಿಟ್ಟು ಅತ್ತ. ಅತ್ತು ಮುಗಿದ ಮೇಲೆ ಬ್ರಶ್ಶನ್ನು ಬಣ್ಣದಲ್ಲಿ ಅದ್ದಿ ಮಗಳ ಮುಂದೆ ಹಿಡಿದ.

“ನೀನರ ಹಚ್ಚವಾ.”

ರಾಜೇಶ್ವರಿ ಕೈ ಮುಂದೆ ಮಾಡಲಿಲ್ಲ. “ನನಗ್ಯಾಕ ಕೊಡತಿ ಅಪ್ಪಾ? ನಾ ಎಂದೂ ಕೇಳಿಲ್ಲಲ್ಲ” ಎಂದಳು.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬ್ರಶ್ಶಿನಿಂದ ಬಣ್ಣ ಸತ್ತೆಪ್ಪನ ಧೋತರದ ಮೇಲೆ ತೊಟ್ಟಿಕ್ಕುತ್ತಿತ್ತು. ಆಮೇಲೆ ಎದ್ದು, ಆ ಕಿಟಕಿಯಷ್ಟು ಜಾಗಕ್ಕೂ ತಾನೇ ಬಣ್ಣ ಹಚ್ಚಿದ. ಮತ್ಯಾರಿದ್ದರು ಹಚ್ಚುವುದಕ್ಕೆ?